ಓಸೊಯ್ನಿಕ್ ತಂಗುಮನೆಯ ಐದನೇ ಕಿಟಕಿ

ಗಾಶ್ಪರ್: ಈ ಮನೇನ ನಾನು ಕಣ್ಣು ಮುಚ್ಕೊಂಡು ಬರೀಬಲ್ಲೆ ಕಣೇ. ನಲವತ್ತೊಂದು ವರ್ಷ ಇದರೊಳಗೆ ಮಲಗಿ ಎದ್ದವನು ನಾನು.

ಆಲ್ಬಿನಾ: ಮಲಗಿದ್ದು ನೀನು. ಎದ್ದಿದ್ದು ನಾನು.

ಗಾಶ್ಪರ್: ನನ್ನಷ್ಟು ಬಣ್ಣ ಬಳಿದ ಇನ್ನೊಬ್ಬ ಚಿತ್ರಕಾರನ ಹೆಸರು ಹೇಳು ನೋಡೋಣ. ಲ್ಯುಬ್ಲ್ಯಾನಾದ ಚಿತ್ರಶಾಲೆಯಲ್ಲಿರೋ ಚಿತ್ರಗಳನ್ನ ಜನ ನಿಂತ್ಕೊಂಡು ನೋಡ್ತಾರೆ, ಆಕಳಿಸ್ತಾರೆ, ಹೋಗ್ತಾರೆ. ನನ್ನದನ್ನ ನಂಬ್ಕೊಂಡು ಬೆಟ್ಟ ಹತ್ತುತಾರೆ. ಜೀವಾನೇ ಒಪ್ಪಿಸ್ತಾರೆ.

ಆಲ್ಬಿನಾ: ಕೆಂಪು ಉಂಗುರ, ನಡುವೆ ಬಿಳಿ ಬೊಟ್ಟು. ನಲವತ್ತು ಸಾವಿರ ಸಲ ಅದೊಂದೇ. ಅದು ಚಿತ್ರವಾದರೆ ನಮ್ಮ ಕೋಳಿ ಶಿಲ್ಪಿ.

ಈ ಮಾತು ನಡೆದದ್ದು ಓಸೊಯ್ನಿಕ್ ತಂಗುಮನೆಯ ಎದುರಿನ ದಿಬ್ಬದ ಮೇಲೆ, ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ. ಆ ವರ್ಷದ ಹಿಮ ಎಂಥದ್ದೆಂದರೆ, ಕಣಿವೆಯಿಂದ ಏದುಸಿರು ಬಿಡುತ್ತ ಹತ್ತಿಬಂದವರು ಮಾಡಿನ ಮೇಲೆ ನಿಂತುಕೊಂಡು, ತಂಗುಮನೆ ಇನ್ನೂ ಎಷ್ಟು ದೂರ ಅಂತ ಹೊಗೆಗೂಡನ್ನು ಕೇಳುತ್ತಿದ್ದರು. ಆಲ್ಬಿನಾ ಒಲೆಯ ಪಕ್ಕದಿಂದಲೇ ಅದಕ್ಕೆ ಉತ್ತರ ಕೊಡುತ್ತಿದ್ದಳು.

ತಂಗುಮನೆ ನೋಡಿಕೊಳ್ಳುವವಳು ಅವಳು. ಗಾಶ್ಪರ್ ಅವಳ ಗಂಡ; ಬೆಟ್ಟದ ಸಂಘದ ಗುರುತುಗಾರ. ಬಂಡೆ, ಮರ, ಬೇಲಿಗೂಟ, ಎಲ್ಲಿ ದಾರಿ ತಪ್ಪಬಹುದೋ ಅಲ್ಲೆಲ್ಲ ಕೆಂಪು ಉಂಗುರದ ಗುರುತು ಬಳಿಯುವುದು ಅವನ ಕಸುಬು. ಕಸುಬಿನ ಮೇಲೆ ಪ್ರೀತಿ ಸ್ವಲ್ಪ ಹೆಚ್ಚೇ ಇತ್ತು. ಒಂದು ಸಲ ಮಂಜು ಮುಸುಕಿದ ಬೆಳಿಗ್ಗೆ, ಮಲಗಿದ್ದ ಹಸುವೊಂದನ್ನು ಬಂಡೆಯೆಂದು ತಿಳಿದು ಅದರ ಪಕ್ಕೆಗೂ ಗುರುತು ಬಳಿದುಬಿಟ್ಟ. ಹಸು ಎದ್ದು ಹೋಯಿತು. ಗುರುತು ಕಂಡಮೇಲೆ ಅನುಮಾನಪಡುವುದು ಈ ಬೆಟ್ಟದ ಜನರ ರಕ್ತದಲ್ಲೇ ಇಲ್ಲ. ಆ ಬೇಸಿಗೆಯಲ್ಲಿ ಶಿಖರಕ್ಕೆಂದು ಹೊರಟ ಹನ್ನೊಂದು ಜನ ಹಸುವಿನ ಹಿಂದೆ ನಡೆದು ಸಂಜೆಗೆ ಕೊಟ್ಟಿಗೆ ಸೇರಿದರು. ಅವರಲ್ಲಿ ಇಬ್ಬರು, ಹತ್ತಿದ್ದಕ್ಕೆ ಪುಸ್ತಕದಲ್ಲಿ ಮೊಹರು ಒತ್ತಿಕೊಡಿ ಅಂತ ಹಸುವಿನ ಒಡತಿಯನ್ನು ಪೀಡಿಸಿದರಂತೆ.

ಹೋದ ಶರತ್ಕಾಲದಲ್ಲಿ ಗಾಶ್ಪರನ ಎರಡು ಮಂಡಿಗಳೂ ಮಾತಾಡಿಕೊಂಡ ಹಾಗೆ ಒಂದೇ ವಾರದಲ್ಲಿ ಕೈಕೊಟ್ಟವು. ಸಂಘದವರು ಅವನಿಗೊಂದು ಗೋಡೆ ಗಡಿಯಾರ ಕೊಟ್ಟರು, ಅವನ ಕುಂಚವನ್ನು ಹೊಸಬನಿಗೆ ಕೊಟ್ಟರು. ಬಣ್ಣದ ಡಬ್ಬಿ ಎರಡನ್ನು, ಸವೆದ ಹಳೇ ಕುಂಚವೊಂದನ್ನು ಮಾತ್ರ ಗಾಶ್ಪರ್ ವಾಪಸು ಮಾಡಲಿಲ್ಲ. ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ನಾಳೆ ಭಾನುವಾರ ತಂಗುಮನೆಗೆ ನೂರಿಪ್ಪತ್ತು ವರ್ಷ ತುಂಬುತ್ತದೆ. ಒಲೆಯ ಮೇಲಿನ ಗೋಡೆಗೆ ಮನೆಯದೊಂದು ಚಿತ್ರ ತೂಗುಹಾಕಬೇಕು, ಅದೇ ಚಿತ್ರ ನೋಡಿ ಹೊಸ ಮೊಹರು ಕೊರೆಸಬೇಕು ಎಂದು ಸಂಘದ ತೀರ್ಮಾನ. ಹಳೆಯ ಮೊಹರು ಸವೆದು ಸವೆದು, ಒತ್ತಿದರೆ ಜನರ ಪುಸ್ತಕದಲ್ಲಿ ಕಾಲಡಿ ಸಿಕ್ಕ ಆಲೂಗಡ್ಡೆಯ ಹಾಗೆ ಏನೋ ಮೂಡುತ್ತಿತ್ತು. ಅಧ್ಯಕ್ಷ ಚಿರಿಲ್ ಮೇಷ್ಟ್ರ ಹತ್ತಿರ ತಾವೇ ತೆಗೆದ ಫೋಟೋ ಇತ್ತು. ಗಾಶ್ಪರ್ ಅಡ್ಡ ನಿಂತು, ನಾನು ಬರೀತೀನಿ ಅಂದ. ಸರಿ, ಶನಿವಾರ ಬಂದು ನೋಡ್ತೀನಿ, ಆಗದಿದ್ದರೆ ನನ್ನ ಫೋಟೋ ಇದ್ದೇ ಇದೆ ಅಂದರು ಮೇಷ್ಟ್ರು.

ನಲವತ್ತೊಂದು ವರ್ಷ ಅವನು ಬಳಿದದ್ದೆಲ್ಲ ಮಳೆಗೆ ಹಿಮಕ್ಕೆ ಬಾಯ್ದೆರೆದುಕೊಂಡು ಬಯಲಲ್ಲಿತ್ತು. ಒಂದೇ ಒಂದು ಕೆಲಸ ಸೂರಿನ ಅಡಿಯಲ್ಲಿ, ಬೆಚ್ಚಗೆ, ಉಳಿಯಬೇಕು. ಅವನ ಆಸೆ ಇಷ್ಟೇ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆಲ್ಬಿನಾಗೆ ಹೇಳದೆಯೂ ಗೊತ್ತಿತ್ತು. ಗೊತ್ತಿದೆ ಅಂತ ಸುಮ್ಮನಿರುವ ಪೈಕಿ ಅವಳಲ್ಲ.

ಆಲ್ಬಿನಾ: ನೀನು ಚಿತ್ರ ಬರೀತಿರೋದು ನನ್ನ ಹಿಟ್ಟು ಲಟ್ಟಿಸೋ ಹಲಗೆ ಮೇಲೆ.

ಗಾಶ್ಪರ್: ಗೊತ್ತು. ನಲವತ್ತು ವರ್ಷದ ಹಿಟ್ಟು ಕುಡಿದಿದೆ. ಹಿಮಕ್ಕೆ ಬೇರೆ ಬಣ್ಣಾನೇ ಬೇಡ.

ಆಲ್ಬಿನಾ: ನಾಳೆ ಅರವತ್ತು ಜನಕ್ಕೆ ನಾನು ಹಿಟ್ಟನ್ನ ನಿನ್ನ ಬೆನ್ನ ಮೇಲೆ ಲಟ್ಟಿಸಲಾ? ಮತ್ತೆ ಈ ಗೋಡೆಯ ಕಂದು ಬಣ್ಣ ಎಲ್ಲಿಂದ ಬಂತು? ನಿನ್ನ ಹತ್ತಿರ ಇರೋದು ಕೆಂಪು ಡಬ್ಬಿ, ಬಿಳಿ ಡಬ್ಬಿ ಅಷ್ಟೇ.

ಗಾಶ್ಪರ್: ಕಾಫಿ ಪುಡಿ.

ಆಲ್ಬಿನಾ: ಎಷ್ಟು?

ಗಾಶ್ಪರ್: ಗೋಡೆ ದೊಡ್ಡದು.

ಆಲ್ಬಿನಾ: ಈ ಹೊಗೆಗೂಡಿನ ಕಪ್ಪು?

ಗಾಶ್ಪರ್: ಹೊಗೆಗೂಡಿಂದಾನೇ. ಇದಕ್ಕಿಂತ ನಿಯತ್ತಿನ ಚಿತ್ರ ಎಲ್ಲಾದರೂ ಇದೆಯಾ?

ಆಲ್ಬಿನಾ: ಹಿಮದ ಮೇಲೆ ನೀಲಿ ನೆರಳು ಬಿಟ್ಟಿದೀಯಲ್ಲ, ಅದು?

ಗಾಶ್ಪರ್ ಕುಂಚವನ್ನು ಬಹಳ ಹೊತ್ತು ಒರೆಸಿದ.

ಆಲ್ಬಿನಾ: ನನ್ನ ಬೆರಿಹಣ್ಣಿನ ಮದ್ಯ.

ಗಾಶ್ಪರ್: ನೆರಳಿಗೆ ಬೇಕಾಗಿದ್ದು ಒಂದು ಚಮಚ.

ಆಲ್ಬಿನಾ: ಖಾಲಿಯಾಗಿದ್ದು ಒಂದು ಬಾಟಲಿ.

ಗಾಶ್ಪರ್: ನೆರಳು ಸರಿಯಾಗಿ ಬೀಳಬೇಕಾದರೆ ಚಿತ್ರ ಬರೆಯೋನ ಕೈ ನಡುಗಬಾರದು.

ಆಲ್ಬಿನಾ ಹಲಗೆಯ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟು, ಹಿಟ್ಟಿನಲ್ಲಿ ಹುಳ ಹುಡುಕುವವಳ ಹಾಗೆ ನೋಡಿದಳು. ಮಾಡು ಸರಿ ಇತ್ತು. ಬಾಗಿಲು ಸರಿ ಇತ್ತು. ಬಾಗಿಲ ಪಕ್ಕ ಒರಗಿಸಿದ ಸೌದೆಯೂ ಸೌದೆಯ ಹಾಗೇ ಇತ್ತು. ಅವಳ ಕಣ್ಣು ಎಡಗಡೆ ಹೋಗಿ ಅಲ್ಲೇ ನಿಂತಿತು.

ಆಲ್ಬಿನಾ: ಮುದುಕಪ್ಪ, ಮನೆಯ ಮುಂದುಗಡೆ ಕಿಟಕಿ ಎಷ್ಟು?

ಗಾಶ್ಪರ್: ನಾಲ್ಕು.

ಆಲ್ಬಿನಾ: ಇನ್ನೊಂದು ಸಲ ಯೋಚನೆ ಮಾಡಿ ಹೇಳು.

ಗಾಶ್ಪರ್: ಯೋಚನೆ ಯಾಕೆ, ಎದುರಿಗೇ ಇದೆಯಲ್ಲ. ಒಂದು, ಎರಡು, ಮೂರು, ನಾಲ್ಕು.

ಆಲ್ಬಿನಾ: ಐದು.

ಗಾಶ್ಪರ್ ಕಣ್ಣು ಕಿರಿದು ಮಾಡಿ ನೋಡಿದ. ಮನೆಯ ಎಡತುದಿಯಲ್ಲಿ ಹಿಮ ಸೂರಿನವರೆಗೂ ಒರಗಿಕೊಂಡು ಮಲಗಿತ್ತು. ಅಲ್ಲಿ ಬೆಳ್ಳಗಿನ ದಿಂಡು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಗಾಶ್ಪರ್: ಅಲ್ಲೇನಿದೆ, ಹಿಮ ಇದೆ.

ಆಲ್ಬಿನಾ: ಹಿಮದ ಹಿಂದೆ ನನ್ನ ಅಡುಗೆಮನೆ ಕಿಟಕಿ ಇದೆ. ಎರಡು ವಾರದಿಂದ ಮಟಮಟ ಮಧ್ಯಾಹ್ನ ದೀಪ ಹಚ್ಕೊಂಡು ಅಡುಗೆ ಮಾಡ್ತಿದೀನಿ. ಯಾಕೆ ಅಂತ ಒಂದು ಸಲ ಕೇಳಿದೀಯಾ?

ಗಾಶ್ಪರ್: ಕಣ್ಣು ಮಂದವಾಯ್ತೇನೋ, ಕೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ಮನಿದ್ದೆ.

ಆಲ್ಬಿನಾ: ಮಂದವಾಗಿರೋದು ಯಾರದ್ದು ಅಂತ ಹಲಗೆ ಮೇಲೆ ಬರೆದಿದೆ.

ಗಾಶ್ಪರ್: ನೋಡು, ನಾನು ಕಂಡದ್ದನ್ನ ಬರೆಯೋನು. ಕಾಣದ್ದನ್ನ ಬರೆದರೆ ಸುಳ್ಳು ಹೇಳಿದ ಹಾಗಾಗುತ್ತೆ.

ಆಲ್ಬಿನಾ: ಈಗ ತಾನೇ ಕಣ್ಣು ಮುಚ್ಕೊಂಡು ಬರೀತೀನಿ ಅಂದೆ. ಕಣ್ಣು ಮುಚ್ಚಿದವನಿಗೆ ಹಿಮ ಹೇಗೆ ಅಡ್ಡ ಬಂತು?

ಗಾಶ್ಪರ್ ಬೆಟ್ಟದಲ್ಲಿ ದಾರಿ ತೋಚದಾಗ ಮಾಡುವಂತೆ ಬಂದ ದಾರಿಯಲ್ಲೇ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ.

ಗಾಶ್ಪರ್: ಒಳಗಡೆಯಿಂದ ಆ ಕಿಟಕಿ ನೋಡೋಳು ನೀನು. ನನಗೇನು ಗೊತ್ತು.

ಆಲ್ಬಿನಾ: ಒಳಗಡೆಯಿಂದ ನಾನು ನೋಡಿದ್ದು ನೀನು ಬರೋ ದಾರಿ. ನಲವತ್ತೊಂದು ವರ್ಷ. ನೀನು ಆ ದಾರೀಲಿ ಬರುವಾಗ ಏನನ್ನ ನೋಡ್ಕೊಂಡು ಬರ್ತಿದ್ದೆ?

ಗಾಶ್ಪರ್: ಬಂಡೆ. ಗುರುತು ಮಾಸಿದೆಯಾ ಅಂತ.

ಆಲ್ಬಿನಾ: ಕಿಟಕೀಲಿ ನಾನು ನಿಂತಿರ್ತಿದ್ದೆ.

ಗಾಶ್ಪರ್: ನಿನ್ನ ಬಣ್ಣ ಮಾಸೋದಿಲ್ಲವಲ್ಲೇ.

ಇದು ಹೊಗಳಿಕೆಯೋ ತಪ್ಪಿಸಿಕೊಳ್ಳುವ ಉಪಾಯವೋ ಎಂದು ಆಲ್ಬಿನಾ ತೂಗಿ ನೋಡುತ್ತಿದ್ದಾಗಲೇ ಕಣಿವೆಯಿಂದ ಮಂಜು ಎದ್ದು ಬಂತು. ಮಂಜಿನ ಹಿಂದೆಯೇ, ಮನೆಯ ಕಡೆಯಿಂದಲ್ಲ, ದಿಬ್ಬದ ಹಿಂಬದಿಯ ಕಡಿದಾದ ಕಡೆಯಿಂದ, ಸೊಂಟದವರೆಗೆ ಹಿಮದಲ್ಲಿ ಈಜುತ್ತ ಚಿರಿಲ್ ಮೇಷ್ಟ್ರು ಪ್ರತ್ಯಕ್ಷವಾದರು. ಮೀಸೆಯ ಮೇಲೆ ಒಂದು ಸೇರು ಮಂಜುಗಡ್ಡೆ ಇತ್ತು.

ಚಿರಿಲ್: ಇದು... ಯಾವ... ಹೊಸ ದಾರಿ? ಗೂಟದ ಮೇಲೆ ಗುರುತು ಕಂಡಿತು. ಹೊಚ್ಚಹೊಸದು. ಅದನ್ನು ಹಿಡಿದು ಬಂದೆ.

ಗಾಶ್ಪರ್: ಅಯ್ಯೋ, ಅದು ದಾರಿಯದ್ದಲ್ಲ ಮಾರಾಯ, ನನ್ನ ಕಾಲಿಂದು. ದಿನಾ ಒಂದೇ ಜಾಗದಲ್ಲಿ ನಿಂತು ಬರೀಬೇಕಲ್ಲ, ಅದಕ್ಕೆ ಹಾಕ್ಕೊಂಡಿದ್ದೆ.

ಆಲ್ಬಿನಾ: ಹಸು ಆಯ್ತು, ಈಗ ಅಧ್ಯಕ್ಷರು.

ಚಿರಿಲ್: ಇರಲಿ. ಗಾಶ್ಪರ್ ಅವರೇ, ನೀವು ಬರೆದ ಚಿತ್ರ ನೋಡಲು ಬಂದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸಾವಿರ ಮೀಟರಿನ ಮೇಲೆ ಯಾರೂ ಯಾರಿಗೂ ಬಹುವಚನ ಕೊಡುವುದಿಲ್ಲ. ಅದು ಬೆಟ್ಟದ ಕಾನೂನು. ಕಣಿವೆಯಲ್ಲಿ ಚಿರಿಲ್ ‘ಮೇಷ್ಟ್ರೇ, ನೀವು’. ಕೊನೆಯ ಕಾಡು ದಾಟಿದ ಮೇಲೆ ‘ಚಿರಿಲ್, ನೀನು’. ಇಲ್ಲಿಯವರೆಗೆ ಹತ್ತಿಬಂದು ಬಹುವಚನ ಆಡುವವನು ಚೀಲದಲ್ಲಿ ಏನೋ ತಂದಿದ್ದಾನೆಂದೇ ಅರ್ಥ.

ಆಲ್ಬಿನಾ: ಮೇಲೆ ಬಂದು ಮರ್ಯಾದೆ ಕೊಡ್ತಿದೀಯ ಚಿರಿಲ್. ಯಾರು ಸತ್ತರು?

ಚಿರಿಲ್ ಕನ್ನಡಕದ ಹಿಮ ಒರೆಸಿ, ಹಲಗೆಯ ಮುಂದೆ ಬಗ್ಗಿದರು. ಬೆರಳಿಟ್ಟು ಕಿಟಕಿ ಎಣಿಸಿದರು. ಮತ್ತೆ ಎಣಿಸಿದರು. 

ಆಲ್ಬಿನಾ: ಹೇಳಿಬಿಡು. ಒಂದು ಕಮ್ಮಿ ಇದೆ ಅಲ್ವಾ.

ಚಿರಿಲ್: ಒಂದೂ ಕಮ್ಮಿ ಇಲ್ಲ. ಗಾಶ್ಪರ್ ಅವರೇ, ನಿಮ್ಮ ಕೈ ಎಲ್ಲಿ, ಕೊಡಿ ಇಲ್ಲಿ.

ಅವರು ಚೀಲದಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ಕಾಗದವೊಂದನ್ನು ತೆಗೆದರು. ಮೇಷ್ಟ್ರು ಹನ್ನೆರಡು ವರ್ಷದಿಂದ ತಂಗುಮನೆಯ ಚರಿತ್ರೆ ಬರೆಯುತ್ತಿದ್ದರು. ಅದನ್ನು ಪೂರ್ತಿ ಓದಿದವರು ಇಲ್ಲಿಯವರೆಗೆ ಮೂವರು. ಅದರಲ್ಲಿ ಇಬ್ಬರು ಮೇಷ್ಟ್ರೇ.

ಚಿರಿಲ್: ನೋಡಿ, ಮನೆ ಕಟ್ಟಿದ ಬಡಗಿಯ ನಕ್ಷೆ. ಮುಂದುಗಡೆ ಕಿಟಕಿ ನಾಲ್ಕು. ಎಡತುದಿಯ ಐದನೆಯದು ಆಮೇಲೆ, ಸಂಘದ ಅಪ್ಪಣೆ ಇಲ್ಲದೆ, ಯಾರೋ ಕೊರೆದದ್ದು. ‘ಯಾರೋ’ ಅಂತಲೇ ಬರೆದಿದ್ದೇನೆ, ಪುಟ ಮೂವತ್ತೊಂದು. ಅಳತೆ ಸೊಟ್ಟ, ಕೆಲಸ ಒರಟು. ನನ್ನ ಫೋಟೋದಲ್ಲಿ ಆ ಕಳಂಕ ಎದ್ದು ಕಾಣುತ್ತೆ. ನಿಮ್ಮ ಚಿತ್ರದಲ್ಲಿ ಇಲ್ಲವೇ ಇಲ್ಲ. ಇದು ಮೂಲ ಸ್ವರೂಪ. ಗೋಡೆಗೂ ಇದೇ, ಮೊಹರಿಗೂ ಇದೇ.

ಗಾಶ್ಪರ್ ಎರಡು ಇಂಚು ಎತ್ತರ ಬೆಳೆದ. ಮಂಡಿನೋವು ಹಾರಿಹೋಯಿತು.

ಗಾಶ್ಪರ್: ಕೇಳಿಸ್ತಾ ಮುದುಕಿ? ಮೂಲ ಸ್ವರೂಪ. ಕಣ್ಣು ಮುಚ್ಚಿದ್ರೂ ನನಗೆ ಮೂಲಾನೇ ಕಾಣೋದು.

ಚಿರಿಲ್: ಅಷ್ಟೇ ಅಲ್ಲ. ಮನೆಯೂ ಚಿತ್ರದ ಹಾಗೇ ಇರಬೇಕು ಅಂತ ನನ್ನ ಅಭಿಪ್ರಾಯ. ಚಿತ್ರದಲ್ಲಿ ಒಂದು, ಗೋಡೆಯಲ್ಲಿ ಇನ್ನೊಂದು ಇದ್ದರೆ ನಗೆಪಾಟಲು. ವಸಂತ ಬಂದಮೇಲೆ ಆ ಐದನೇ ಕಿಟಕಿಗೆ ಹಲಗೆ ಹೊಡೆಸಿ ಮುಚ್ಚಿಸೋಣ. ನಾಳೆ ಎಲ್ಲರ ಮುಂದೆ ಘೋಷಣೆ ಮಾಡುತ್ತೇನೆ.

ಬಹುವಚನದ ಗುಟ್ಟು ಇದಾಗಿತ್ತು.

ಆಲ್ಬಿನಾ ಏನೂ ಅನ್ನಲಿಲ್ಲ. ಗಾಶ್ಪರ್ ಕಾದ. ಇಷ್ಟು ಹೊತ್ತಿಗೆ ಮೇಷ್ಟ್ರ ಮೀಸೆ, ಚರಿತ್ರೆ, ವಂಶ ಮೂರಕ್ಕೂ ಒಂದೊಂದು ಬೈಗುಳ ಬಿದ್ದಿರಬೇಕಾಗಿತ್ತು. ಅವಳು ಹಲಗೆಯನ್ನೊಮ್ಮೆ ನೋಡಿದಳು, ಗಂಡನನ್ನು ನೋಡಲಿಲ್ಲ. ಸುಮ್ಮನೆ ತಿರುಗಿ, ದಿಬ್ಬ ಇಳಿದು, ಮಂಜಿನೊಳಗೆ ಹೋದಳು. ನಲವತ್ತೊಂದು ವರ್ಷದಲ್ಲಿ ಗಾಶ್ಪರ್ ಸಿಡಿಲು ಕಂಡಿದ್ದ, ಹಿಮಪಾತ ಕಂಡಿದ್ದ, ಒಂದು ಸಲ ಕರಡಿಯನ್ನೂ ಕಂಡಿದ್ದ. ಆಲ್ಬಿನಾ ಸುಮ್ಮನಿದ್ದದ್ದನ್ನು ಕಂಡಿರಲಿಲ್ಲ. ಎರಡು ಇಂಚು ಎತ್ತರ ಅಲ್ಲೇ ಇಳಿಯಿತು.

ಸ್ವಲ್ಪ ಹೊತ್ತಿಗೆ ಮನೆಯ ಎಡಗಡೆಯಿಂದ ಸದ್ದು ಬಂತು. ಚಕ್, ಧಪ್. ಚಕ್, ಧಪ್.

ಚಿರಿಲ್: ಅದೇನದು?

ಗಾಶ್ಪರ್: ಸಲಿಕೆ. ಹಿಮ ತೆಗೀತಿದಾಳೆ.

ಚಿರಿಲ್: ಅದರ ಅವಶ್ಯಕತೆ ಇರಲಿಲ್ಲ. ಹೇಗೂ ಮುಚ್ಚುತ್ತೀವಲ್ಲ.

ಚಕ್, ಧಪ್. ಆ ಸದ್ದಿನಲ್ಲಿ ಗಾಶ್ಪರನಿಗೆ ಬೇರೊಂದು ಸದ್ದು ಕೇಳಿಸಿತು. ಗರಗಸದ ಸದ್ದು. ಮದುವೆಯಾಗಿ ಬಂದ ಮೊದಲನೇ ಚಳಿಗಾಲ. ಅಡುಗೆಮನೆಗೆ ಬಾಗಿಲು ಬಿಟ್ಟರೆ ಬೇರೆ ತೂತಿರಲಿಲ್ಲ. ಇಪ್ಪತ್ತೆರಡರ ಹುಡುಗಿ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ, ‘ನೀನು ಬರ್ತಿದೀಯೋ ಇಲ್ವೋ ಅಂತ ನನಗೆ ಕಾಣಬೇಕು’ ಅಂದಿದ್ದಳು. ಮರುದಿನವೇ ಒಬ್ಬ ಗಂಡಸು, ಅಳತೆ ತೆಗೆದುಕೊಳ್ಳುವ ತಾಳ್ಮೆಯೂ ಇಲ್ಲದೆ, ಸಂಘವೂ ನೆನಪಾಗದೆ, ಇನ್ನೂ ನೂರು ವರ್ಷ ಬಾಳಬೇಕಾದ ಲಾರ್ಚ್ ಮರದ ಗೋಡೆಗೆ ಗರಗಸ ಹಚ್ಚಿದ್ದ.

ಗಾಶ್ಪರ್: ಚಿರಿಲ್.

ಚಿರಿಲ್: ಹೇಳಿ.

ಗಾಶ್ಪರ್: ಪುಟ ಮೂವತ್ತೊಂದರ ‘ಯಾರೋ’ ನಾನು.

ಚಿರಿಲ್: ನೀವಾ?

ಗಾಶ್ಪರ್: ನಾನೇ. ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ. ಬೆಳಿಗ್ಗೆಯಿಂದ ನನಗೆ ನೆನಪಾಗಲಿ ಅಂತ ಕಾಯ್ತಿದ್ದಳು, ನಾನು ಮೂಲ ಸ್ವರೂಪ ಅಂತ ಬೀಗ್ತಿದ್ದೆ.

ಚಿರಿಲ್: ಬರೆದುಕೊಳ್ಳಲಾ?

ಗಾಶ್ಪರ್: ಬರ್ಕೊ. ಸೊಟ್ಟ, ಒರಟು ಅನ್ನೋದನ್ನೂ ಇಟ್ಕೊ. ಅಪ್ಪಣೆ ಇಲ್ಲದೆ ಅಂತಾನೂ ಇರಲಿ. ಆದರೆ ಅವಳ ಅಪ್ಪಣೆ ಇತ್ತು ಅಂತ ಸೇರಿಸು.

ಹಾಗೆನ್ನುತ್ತ ಅವನು ಕೋಟಿನೊಳಗೆ ಎದೆಗೆ ಒತ್ತಿ ಬೆಚ್ಚಗಿಟ್ಟಿದ್ದ ಕೆಂಪು ಡಬ್ಬಿಯ ಮುಚ್ಚಳ ತೆಗೆದ.

ಚಿರಿಲ್: ಏನು ಮಾಡ್ತಿದೀರಿ? ಗಾಶ್ಪರ್ ಅವರೇ, ಚಿತ್ರ ಮುಗಿದಿದೆ. ಇನ್ನು ಮುಟ್ಟಬೇಡಿ. ಮುಟ್ಟಿದರೆ ಅದು ಮೂಲ ಸ್ವರೂಪ ಅಲ್ಲ, ನಾನು ನನ್ನ ಫೋಟೋನೇ ಹಾಕಿಸಬೇಕಾಗುತ್ತೆ.

ಗಾಶ್ಪರ್: ಹಾಕಿಸ್ಕೊ. ನನ್ನ ಹಲಗೇನ ಅವಳು ಹಿಟ್ಟು ಲಟ್ಟಿಸೋಕೆ ಇಟ್ಕೊಳ್ಳಲಿ.

ಎಡತುದಿಯ ಬಿಳಿಯ ಮೇಲೆ ಕಿಟಕಿಗೆಂದು ಕುಂಚ ಇಟ್ಟ. ಇಟ್ಟವನು ಅವನು, ಮುಂದಿನದ್ದನ್ನು ಕೈಯೇ ನೋಡಿಕೊಂಡಿತು. ನಲವತ್ತು ಸಾವಿರ ಸಲ ಮಾಡಿದ್ದನ್ನು ಅದು ಇನ್ನೊಂದು ಸಲ ಮಾಡಿತು. ಒಂದೇ ಸುತ್ತು. ನಡುವೆ ಒಂದು ಬಿಳಿ ಬೊಟ್ಟು.

ಚಿರಿಲ್: ಇದೇನು?

ಗಾಶ್ಪರ್: ಕಿಟಕಿ.

ಚಿರಿಲ್: ಇದು ಗುರುತು.

ಗಾಶ್ಪರ್: ಅದೂ ಹೌದು.

ಮೇಷ್ಟ್ರು ಇನ್ನೂ ಏನೋ ಹೇಳಲು ಬಾಯಿ ತೆರೆದರು. ಆದರೆ ಅರವತ್ತು ವರ್ಷ ಬೆಟ್ಟ ಸುತ್ತಿದ ಕಾಲು ಬಾಯಿಯ ಮಾತು ಕೇಳುವುದಿಲ್ಲ. ಗುರುತು ಕಂಡದ್ದೇ ತಡ, ಅವರ ಕಾಲು ತನ್ನಷ್ಟಕ್ಕೆ ತಾನೇ ಹಲಗೆಯ ಕಡೆಗೆ ಎರಡು ಹೆಜ್ಜೆ ನಡೆದುಬಿಟ್ಟಿತು. ಮೂಗು ಹಸಿ ಬಣ್ಣಕ್ಕೆ ತಾಗುವಷ್ಟರಲ್ಲಿ ಗಾಶ್ಪರ್ ಕೋಟು ಹಿಡಿದು ಎಳೆದ.

ಅಷ್ಟರಲ್ಲಿ ಸಲಿಕೆಯ ಸದ್ದು ನಿಂತಿತು. ಮಂಜು ಈಗ ಹಾಲಿನ ಹಾಗೆ ಹೆಪ್ಪುಗಟ್ಟಿತ್ತು. ಮನೆ, ಮಾಡು, ಹೊಗೆಗೂಡು, ಮೂಲ ಸ್ವರೂಪದ ನಾಲ್ಕು ಕಿಟಕಿಗಳು, ಯಾವುದೂ ಕಾಣುತ್ತಿರಲಿಲ್ಲ. ಚಿರಿಲ್ ಸುತ್ತ ನೋಡಿದರು. ಬಂದ ಹೆಜ್ಜೆಯೂ ಮುಚ್ಚಿಹೋಗಿತ್ತು.

ಚಿರಿಲ್: ತಂಗುಮನೆ ಯಾವ ಕಡೆಗೆ ಬರುತ್ತೆ ಗಾಶ್ಪರ್ ಅವರೇ?

ಗಾಶ್ಪರ್: ಈಗ ಕಾಣುತ್ತೆ. ಸ್ವಲ್ಪ ತಡಿ.

ಮಂಜಿನೊಳಗೆ ಒಂದು ಹಳದಿ ಬೆಳಕು ಹತ್ತಿತು. ಆಮೇಲೆ ಕಿರ್ ಎಂದು ಕಿಟಕಿಯ ಬಾಗಿಲು ತೆರೆದ ಸದ್ದು. ಸದ್ದಿನ ಹಿಂದೆಯೇ ಬಾರ್ಲಿ, ಬೀನ್ಸ್ ಕಾಳು, ಹೊಗೆ ಹಾಕಿದ ಹಂದಿಮಾಂಸ ಮೂರೂ ಕೂಡಿ ಬೆಂದ ರಿಚೆತ್ ಗಂಜಿಯ ಘಮ ದಿಬ್ಬ ಹತ್ತಿ ಬಂದು ಮೇಷ್ಟ್ರ ಮೀಸೆಯ ಮಂಜುಗಡ್ಡೆಯನ್ನು ಅರ್ಧ ಕರಗಿಸಿತು.

ಚಿರಿಲ್ ಆ ಬೆಳಕನ್ನು ನೋಡಿದರು. ಹಲಗೆಯ ಎಡತುದಿಯ ಉಂಗುರವನ್ನು ನೋಡಿದರು. ಬಡಗಿಯ ನಕ್ಷೆಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದರು.

ಚಿರಿಲ್: ಗಾಶ್ಪರ್, ನೀನು ಹಲಗೆಯ ಆ ತುದಿ ಹಿಡ್ಕೊ, ನಾನು ಈ ತುದಿ ಹಿಡ್ಕೋತೀನಿ.

ಗಾಶ್ಪರ್: ‘ನೀನು’ ಅಂದೆ.

ಚಿರಿಲ್: ಅಂದೆ. ಮನೆ ಚಿತ್ರದ ಹಾಗೇ ಇರಬೇಕು ಅಂತ ಹೇಳಿದ್ದೆನಲ್ಲ, ಆ ಮಾತು ಉಳಿಸ್ಕೊಳ್ತೀನಿ. ಚಿತ್ರದಲ್ಲಿ ಐದನೇ ಕಿಟಕಿ ಬಂದಿದೆ, ಇನ್ನು ಗೋಡೇಲಿ ಹೇಗೆ ಮುಚ್ಚಲಿ?

ಗಾಶ್ಪರ್: ಮೊಹರು?

ಚಿರಿಲ್: ಅದೂ ಇದೇ. ನೂರು ವರ್ಷ ಸವೆದು ಆಲೂಗಡ್ಡೆ ಆದರೂ ಆ ಉಂಗುರವಾದರೂ ಉಳಿಯುತ್ತೆ. ನಡಿ, ರಿಚೆತ್ ತಣ್ಣಗಾಗುತ್ತೆ.

ಇಬ್ಬರು ಮುದುಕರು ಹಲಗೆಯನ್ನು ಮಗುವನ್ನು ಹೊತ್ತ ಹಾಗೆ ಹೊತ್ತುಕೊಂಡು, ಬೆಳಕು ಹಿಡಿದು ಇಳಿದರು. ತೆರೆದ ಕಿಟಕಿಯಲ್ಲಿ ಆಲ್ಬಿನಾ ನಿಂತಿದ್ದಳು; ಮುಖ ಕೆಂಪಗೆ, ಕೂದಲಲ್ಲಿ ಹಿಮ, ಕೈಯಲ್ಲಿ ಸೌಟು. ಗಾಶ್ಪರ್ ಹಲಗೆಯನ್ನು ಅವಳ ಮುಂದೆ ಎತ್ತಿ ಹಿಡಿದ.  ಬೆರಳಿನಿಂದ ಎಡತುದಿಯನ್ನು ತೋರಿಸಿದ.

ಅವಳು ನೋಡಿದಳು.  ಸೌಟಿನಿಂದ ಒಂದು ತೊಟ್ಟು ಹಿಮಕ್ಕೆ ಬಿದ್ದು ಸಣ್ಣ ತೂತು ಮಾಡಿತು. ಮುಂಗೈಯಿಂದ ಕಣ್ಣು ಒರೆಸಿಕೊಂಡು, ‘ಹೊಗೆ’ ಅಂದಳು. ಹೊಗೆಯೆಲ್ಲ ಕಿಟಕಿಯಿಂದ ಹೊರಗೆ ಹೋಗಿಯಾಗಿತ್ತು.

ಗಾಶ್ಪರ್: ಏನಾದರೂ ಹೇಳೇ.

ಆಲ್ಬಿನಾ ಕಿಟಕಿಯ ನಾಲ್ಕು ಮೂಲೆಯನ್ನೂ ಸೌಟಿನಿಂದ ಒಂದೊಂದಾಗಿ ಟಕ್ ಟಕ್ ಎಂದು ತಟ್ಟಿದಳು. ಆಮೇಲೆ ಮದುವೆಯಾದ ಮೇಲೆ ಮೊಟ್ಟಮೊದಲ ಸಲ ಗಂಡನಿಗೆ ಬಹುವಚನ ಕೊಟ್ಟಳು.

ಆಲ್ಬಿನಾ: ಚಿತ್ರಕಾರರೇ, ನಾಲ್ಕು ಮೂಲೆಯ ಕಿಟಕೀನ ದುಂಡಗೆ ಬರೆದಿದೀರಿ. ಕಣ್ಣು ಮುಚ್ಕೊಂಡೇ ಬರೆದದ್ದು ಅಂತ ಈಗ ಒಪ್ಕೊಂಡೆ.